ಫಾಲ್ಗುಣ ಯಾರ ತಿಂಗಳು?

ಅಂಕೋಲೆಯ ತಹಶೀಲ್ದಾರ್ ಕಚೇರಿಯ ಅಂಗಳ. ಮೊದಲು ಗುಮಟೆಯ ಸದ್ದು, ಆಮೇಲೆ ಜನರ ತಲೆಗಳಾಚೆ ತುರಾಯಿಗಳು. ಬೆಂಡು, ಬಣ್ಣದ ಕಾಗದಗಳಲ್ಲಿ ಅರಳಿದ ಹೂವು ಹಕ್ಕಿಗಳನ್ನು ತಲೆ ಮೇಲೆ ಹೊತ್ತು ಬೆಳಂಬಾರದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡ ಒಳಗೆ ಬರುತ್ತದೆ. ಕಡತ ಬಿಟ್ಟು ಸಿಬ್ಬಂದಿಯೂ ಹೊರಗೆ ಬಂದು ನಿಲ್ಲುತ್ತಾರೆ. ಅಷ್ಟೆತ್ತರದ ತುರಾಯಿ ಹೊತ್ತವರ ಹೆಜ್ಜೆ ಅಷ್ಟು ಹಗುರಾಗಿರುವುದೇ ಬೆರಗು. ಕಟ್ಟು ಬಿಚ್ಚಿದ ಜಿಂಕೆಯ ಹಾಗೆ.

ಜಿಂಕೆ ಇಲ್ಲಿ ಸುಮ್ಮನೆ ಬಂದದ್ದಲ್ಲ. ಇಸ್ರಾಯೇಲಿನ ಹನ್ನೆರಡು ಕುಲಗಳಿಗೆ ವರ್ಷದ ಹನ್ನೆರಡು ತಿಂಗಳನ್ನು ಹಂಚಿಕೊಡುವ ಸಂಪ್ರದಾಯ ಯಹೂದಿಗಳಲ್ಲಿದೆ. ಸಫೇದ್ ಪಟ್ಟಣದ ಅನುಭಾವಿ ಇಸಾಕ್ ಲೂರಿಯಾ (1534–1572) ಅವರ ಪರಂಪರೆ ಹಿಡಿದ ಕ್ರಮ ಬೈಬಲಿನ ಅರಣ್ಯಕಾಂಡದ್ದು: ಮರುಭೂಮಿಯಲ್ಲಿ ದೇವದರ್ಶನದ ಗುಡಾರದ ಸುತ್ತ ಯಾರು ಯಾವ ದಿಕ್ಕಿಗೆ ಪಾಳೆಯ ಹೂಡಿದ್ದರೋ ಅದೇ ಸಾಲು. ನಡುವೆ ಇದ್ದ ಲೇವಿಯರಿಗೆ ತಿಂಗಳಿಲ್ಲ. ಮೊದಲ ತಿಂಗಳು ನಿಸಾನ್ ಯೆಹೂದ ಕುಲಕ್ಕೆ, ಕೊನೆಯ ಅದಾರ್ ನಫ್ತಾಲಿಗೆ. ಆದಿಕಾಂಡದಲ್ಲಿ ಯಾಕೋಬ ತನ್ನ ಮಗ ನಫ್ತಾಲಿಯನ್ನು ಹೋಲಿಸುವುದು ಬಿಡುಗಡೆಯಾದ ಜಿಂಕೆಗೆ! ‘ಸೇಫರ್ ಯೆತ್ಸಿರಾ’ ಎಂಬ ಹಳೆಯ ಕೃತಿಯ ಪ್ರಕಾರ ಅದಾರ್‌ನ ಗುಣ ನಗು. ಅದರ ರಾಶಿ ಮೀನ.

ತಿಂಗಳುಗಳ ಹೆಸರು ಬ್ಯಾಬಿಲೋನಿನಿಂದ ಬಂದದ್ದೆಂದು ಯಹೂದಿ ಪಂಡಿತರೇ ಒಪ್ಪಿದ್ದಾರೆ. ಕುಲಗಳ ಹಂಚಿಕೆ ಆಮೇಲಿನ ಜೋಡಣೆ. ಚರಿತ್ರೆಯೆಂದು ನಂಬುವ ಕಾರಣವಿಲ್ಲ. ಆದರೂ ಫಾಲ್ಗುಣದಲ್ಲಿ ಅಂಕೋಲೆಗೆ ಬಂದವರಿಗೆ ಅದನ್ನು ಬದಿಗಿಡುವುದು ಕಷ್ಟ.

ಯಾಕೆಂದರೆ ಅದಾರ್ ಹೆಚ್ಚುಕಡಿಮೆ ನಮ್ಮ ಫಾಲ್ಗುಣವೇ. ಚೈತ್ರದಿಂದ ಎಣಿಸಿದರೆ ಇದೂ ಕೊನೆಯ ತಿಂಗಳು, ಸೂರ್ಯ ಮೀನಕ್ಕೆ ಬರುವುದೂ ಇದರಲ್ಲೇ. ಎರಡೂ ಪಂಚಾಂಗಗಳಲ್ಲಿ 19 ವರ್ಷಕ್ಕೆ 7 ಅಧಿಕಮಾಸ. ಅದಾರ್ 14ರಂದು ಯಹೂದಿಗಳು ವೇಷ ತೊಟ್ಟು ನಗುತ್ತ ಪೂರಿಮ್ ಹಬ್ಬ ಮಾಡುತ್ತಾರೆ. ಇಲ್ಲಿ ಸುಗ್ಗಿಯ ಹಗರಣದಲ್ಲಿ ವೇಷ ಕಟ್ಟಿ ಊರನ್ನೇ ಅಣಕಿಸುತ್ತಾರೆ. 2025ರಲ್ಲಿ ಪೂರಿಮ್, ಹೋಳಿ ಎರಡೂ ಮಾರ್ಚ್ 14ಕ್ಕೇ ಬಿದ್ದವು. 2024ರಲ್ಲಿ ಒಂದೇ ದಿನದ ಅಂತರ, 2023ರಲ್ಲೂ ಹಾಗೆಯೇ. 2021ರಲ್ಲಿ ಮಾತ್ರ ಲೆಕ್ಕ ತಪ್ಪಿತು: ಪೂರಿಮ್ ಫೆಬ್ರವರಿ 26ಕ್ಕೆ, ಹೋಳಿ ಮಾರ್ಚ್ 29ಕ್ಕೆ. 2020ರಲ್ಲಿ ನಮಗೆ ಅಧಿಕ ಆಶ್ವಯುಜ ಬಂದಿತ್ತು. ಅವರ ಅಧಿಕಮಾಸ ಬಂದದ್ದು 2022ರಲ್ಲಿ.

ಹಾಗೆಂದು ಹಾಲಕ್ಕಿಗಳನ್ನು ಇಸ್ರಾಯೇಲಿನ ಕಳೆದುಹೋದ ಕುಲವೆಂದು ಕರೆಯುವ ಹುಚ್ಚು ಬೇಡ. ಕಾರವಾರದಿಂದ ಹೊನ್ನಾವರದವರೆಗೆ ಹಬ್ಬಿದ ಈ ಬೇಸಾಯಗಾರರನ್ನು 1883ರ ಮುಂಬಯಿ ಗೆಜೆಟಿಯರ್ ಕೂಡ ದಾಖಲಿಸಿದೆ. ಇವರಲ್ಲೊಬ್ಬರಾದ ಅಂಕೋಲೆ ತಾಲ್ಲೂಕಿನ ಸುಕ್ರಿ ಬೊಮ್ಮಗೌಡರ ಹಾಡಿಗೆ 2017ರಲ್ಲಿ ಪದ್ಮಶ್ರೀ ಬಂತು. ಫಾಲ್ಗುಣ ಹಾಲಕ್ಕಿಗಳದ್ದೆಂದು ಯಾವ ಗ್ರಂಥದಲ್ಲೂ ಬರೆದಿಲ್ಲ. ಗದ್ದೆ ಕೊಯ್ಲು ಮುಗಿಸಿದವರು ಕುಣಿದು ಕುಣಿದು ಅದನ್ನು ತಮ್ಮದು ಮಾಡಿಕೊಂಡಿದ್ದಾರೆ.

2027ರಲ್ಲಿ ಹೋಳಿ ಮಾರ್ಚ್ 22, ಪೂರಿಮ್ 23. ಅಂಕೋಲೆಗೆ ಹೋಗುವವರು ಎರಡು ದಿನ ಮೊದಲೇ ಹೊರಡುವುದು ಒಳ್ಳೆಯದು. ಸುಗ್ಗಿ ಹೋಳಿಯವರೆಗೆ ಕಾಯುವುದಿಲ್ಲ.