ಒಮ್ಮೆ ಬರೆದರೆ ಅಳಿಯದು

ಸ್ಲೇಟಿನ ಮೇಲೆ ಬರೆದುದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಶಿಲಾಶಾಸನವನ್ನು ಒರೆಸಲಾಗದು. ಗಣಕಯಂತ್ರದ ಕಾಂತೀಯ ಡಿಸ್ಕು ಸ್ಲೇಟಿನ ಜಾತಿಗೆ ಸೇರಿದುದು. ಒಮ್ಮೆ ಮಾತ್ರ ಬರೆಯಬಹುದಾದ ಸಿ.ಡಿ. ತಟ್ಟೆ ಶಾಸನದ ಜಾತಿಗೆ ಸೇರಿದುದು. ಅದರೊಳಗೆ ಬಣ್ಣದ ಒಂದು ತೆಳುಪದರವಿದೆ. ಲೇಸರ್ ಕಿರಣ ತಗುಲಿದೆಡೆ ಆ ಪದರ ಕಾದು ಮಾರ್ಪಡುತ್ತದೆ. ಮಾರ್ಪಟ್ಟುದು ಮರಳಿ ಮೊದಲಿನಂತಾಗದು.

ಹಾಗಾದರೆ ಇಂಥ ತಟ್ಟೆಯ ಮೇಲಿನ ಕಡತವೊಂದನ್ನು ತಿದ್ದುವುದೆಂತು? ಅಂಗಡಿಯ ಕಿರ್ದಿ ಬರೆಯುವ ಗುಮಾಸ್ತನನ್ನು ಕೇಳಿದರೆ ಉತ್ತರ ದೊರೆತೀತು. ಹಳೆಯ ಲೆಕ್ಕವನ್ನು ಅವನು ಕೆರೆದು ತೆಗೆಯುವುದಿಲ್ಲ. ಮುಂದಿನ ಖಾಲಿ ಸಾಲಿನಲ್ಲಿ ಸರಿಯಾದುದನ್ನು ಬರೆಯುತ್ತಾನೆ. ತಟ್ಟೆಯ ಕಡತವ್ಯವಸ್ಥೆಯೂ ಹಾಗೆಯೇ. ತಿದ್ದಿದ ಭಾಗವನ್ನು ಖಾಲಿ ಜಾಗದಲ್ಲಿ ಬರೆದು, ಅದು ಎಲ್ಲಿದೆಯೆಂದು ತಿಳಿಸುವ ಹೊಸ ಅನುಕ್ರಮಣಿಕೆಯನ್ನೂ ಸೇರಿಸಲಾಗುತ್ತದೆ. ಓದುವ ಯಂತ್ರ ಕೊನೆಯ ಅನುಕ್ರಮಣಿಕೆಯನ್ನೇ ನಂಬುತ್ತದೆ. ‘ಅಳಿಸಿದ’ ಕಡತವೆಂದರೆ ಆ ಪಟ್ಟಿಯಲ್ಲಿ ಹೆಸರಿಲ್ಲದ ಕಡತ, ಅಷ್ಟೆ. ಬರಹವು ತಟ್ಟೆಯಲ್ಲಿಯೇ ಉಳಿದಿರುತ್ತದೆ.

ಈ ಕೊರತೆಯನ್ನೇ ವರವಾಗಿ ಮಾಡಿಕೊಂಡವರು ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದವರು. ಕೆನ್ ಥಾಂಪ್ಸನ್, ರಾಬ್ ಪೈಕ್ ಮೊದಲಾದವರು ಅಲ್ಲಿ ನಿರ್ಮಿಸಿದ ‘ಪ್ಲಾನ್ 9’ ಎಂಬ ವ್ಯವಸ್ಥೆಯಲ್ಲಿ ದಿನದ ಕೆಲಸವೆಲ್ಲ ಕಾಂತೀಯ ಡಿಸ್ಕಿನ ಮೇಲೆ ನಡೆಯುತ್ತಿತ್ತು. ಪ್ರತಿದಿನ ಬೆಳಗಿನ ಜಾವ 5 ಗಂಟೆಗೆ, ಹಿಂದಿನ ಸಲದಿಂದೀಚೆಗೆ ಬದಲಾದ ಭಾಗಗಳು ಮಾತ್ರ ಅಳಿಸಲಾಗದ ತಟ್ಟೆಗಳಿಗೆ ಸೇರುತ್ತಿದ್ದುವು. ಬದಲಾಗದ ಭಾಗಗಳನ್ನು ಮತ್ತೆ ಬರೆಯದೆ, ಅವುಗಳ ಹಳೆಯ ಜಾಗವನ್ನೇ ಹೊಸ ಅನುಕ್ರಮಣಿಕೆ ತೋರಿಸುತ್ತಿತ್ತು. ಹೀಗೆ ಅಲ್ಪ ಜಾಗದಲ್ಲಿಯೇ ಪ್ರತಿಯೊಂದು ದಿನದ ಸಮಗ್ರ ಚಿತ್ರ ಉಳಿಯಿತು. ಯಂತ್ರವೇ ತಟ್ಟೆಗಳನ್ನು ಬದಲಿಸಿಕೊಳ್ಳುತ್ತಿದ್ದ ಆ ಭಂಡಾರದ ಸಾಮರ್ಥ್ಯ 350 ಗಿಗಾಬೈಟು. 1995ರಲ್ಲಿ ನಿರ್ಮಾಪಕರೇ ಪ್ರಕಟಿಸಿದ ಲೆಕ್ಕದಂತೆ, ಸುಮಾರು 50 ಮಂದಿ 5 ವರ್ಷ ಬಳಸಿದ ಮೇಲೂ ಅದರಲ್ಲಿ ತುಂಬಿದ್ದುದು ಶೇಕಡ 65 ಮಾತ್ರ.

ಇದರಿಂದಾದ ಲಾಭವೇನು? ಕೈತಪ್ಪಿ ಕಡತವನ್ನು ಕಳೆದುಕೊಂಡವನು ಯಾರನ್ನೂ ಬೇಡಬೇಕಾಗಿರಲಿಲ್ಲ. ಬೇಕಾದ ದಿನಾಂಕದ ಕೋಶವನ್ನು ತೆರೆದರೆ ಅಂದಿನ ರೂಪದಲ್ಲಿಯೇ ಅದು ದೊರೆಯುತ್ತಿತ್ತು. ಆದರೆ ವರದ ಬೆನ್ನಿಗೆ ಒಂದು ನಿಬಂಧನೆಯೂ ಇತ್ತು. ಒಂದು ದಿನ ಎಲ್ಲರೂ ಓದಲೆಂದು ತೆರೆದಿಟ್ಟ ಕಡತದ ಆ ದಿನದ ಪ್ರತಿಯನ್ನು ಮುಂದೆಂದೂ ಮುಚ್ಚಿಡುವಂತಿರಲಿಲ್ಲ. ಬರಹದೊಡನೆ ಅಂದಿನ ಅನುಮತಿಯೂ ಶಾಶ್ವತವಾಗಿ ನಿಲ್ಲುತ್ತಿತ್ತು.

ಮನೆಯ ಕಪಾಟಿನಲ್ಲಿ ಇಂಥ ಹಳೆಯ ಸಿ.ಡಿ. ಇರುವವರೂ ಇದನ್ನು ನೆನೆಯುವುದು ಒಳಿತು. ಪಟ್ಟಿಯಿಂದ ಮಾಯವಾದ ಮದುವೆಯ ಚಿತ್ರವನ್ನು, ತಟ್ಟೆ ಕೆಡದಿದ್ದರೆ, ಹಿಂದಿನ ಅನುಕ್ರಮಣಿಕೆಯನ್ನು ಓದಬಲ್ಲ ತಂತ್ರಾಂಶದಿಂದ ಮರಳಿ ಪಡೆಯಬಹುದು. ಆದರೆ ಅದರಲ್ಲಿ ಗುಟ್ಟಿನ ಕಾಗದಪತ್ರವಿದ್ದರೆ, ಹೆಸರನ್ನು ತೆಗೆದುಹಾಕಿದೆವೆಂದು ನೆಮ್ಮದಿಯಿಂದಿರುವಂತಿಲ್ಲ, ತಟ್ಟೆಯನ್ನೇ ಮುರಿಯಬೇಕು.