ಎರಿ ಸೀಮೆಯ ಪಡಸಾಲೆಯಲ್ಲಿ ಕ್ಯಾಲಾಡಿಯಂ

ಕೃಷ್ಣಾ ನದಿಗೆ ಕಟ್ಟಿದ ಹಿಪ್ಪರಗಿ ಬ್ಯಾರೇಜಿನ ಸುತ್ತಲಿನ ಜಮಖಂಡಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿಯೂ ಅವುಗಳ ಆಚೆಗಿನ ಮುಧೋಳ, ಬೀಳಗಿ ಸೀಮೆಯಲ್ಲಿಯೂ ನೀರಾವರಿ ಇದ್ದಲ್ಲಿ ಕಬ್ಬು, ಅರಿಸಿಣ ಹಸಿರಾಗಿ ನಿಂತಿರುತ್ತವೆಯಾದರೂ, ಮೂಲತಃ ಇದು ವರ್ಷಕ್ಕೆ 600 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ, ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಒಣ ನಾಡು. ದಕ್ಷಿಣ ಅಮೆರಿಕದ ತೇವಭರಿತ ಕಾಡುಗಳ ನೆರಳಿನಲ್ಲಿ ಹುಟ್ಟಿದ ಕ್ಯಾಲಾಡಿಯಂ ಎಂಬ ಬಣ್ಣದೆಲೆಯ ಗಿಡಕ್ಕೆ ಇಂಥ ನೆಲ ಹೊಂದುವುದಿಲ್ಲವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ಈ ಗಿಡ ವರ್ಷವಿಡೀ ಎಲೆ ಹೊತ್ತು ನಿಲ್ಲುವಂಥದ್ದಲ್ಲ. ಮಳೆಗಾಲದಲ್ಲಿ ಬೆಳೆದು ಒಣಗಾಲದಲ್ಲಿ ಮಣ್ಣೊಳಗೆ ಗೆಡ್ಡೆಯಾಗಿ ಮಲಗುವುದು ಅದರ ಸ್ವಭಾವವಾದ್ದರಿಂದ, ಬೇಸಿಗೆಯ ಕೊನೆಗೆ ನಾಟಿಯಾಗಿ ಚಳಿಗಾಲದಲ್ಲಿ ಎಲೆ ಒಣಗಿಸಿಕೊಳ್ಳುವ ಅರಿಸಿಣದ ಪಂಚಾಂಗವೇ ಬಹುಮಟ್ಟಿಗೆ ಇದರ ಪಂಚಾಂಗವೂ ಆಗಿದೆ. ಈ ಭಾಗದ ಮನೆಗಳಲ್ಲಿ ಕ್ಯಾಲಾಡಿಯಂ ಕೈಕೊಡುವುದಕ್ಕೆ ಬಿಸಿಲಿಗಿಂತ ಹೆಚ್ಚಾಗಿ ಮಣ್ಣು ಮತ್ತು ನೀರೇ ಕಾರಣ.

ಸಸ್ಯಶಾಸ್ತ್ರದ ದೃಷ್ಟಿಯಿಂದ ಕ್ಯಾಲಾಡಿಯಂ ಕೆಸು ಮತ್ತು ಸುವರ್ಣಗೆಡ್ಡೆಗಳ ಕುಟುಂಬವಾದ ಅರೇಸಿಗೆ ಸೇರಿದೆ. ಇಂದು ಮಾರಾಟವಾಗುವ ಬಹುತೇಕ ತಳಿಗಳ ಮೂಲದಲ್ಲಿರುವುದು ಕ್ಯಾಲಾಡಿಯಂ ಬೈಕಲರ್ ಎಂಬ ಪ್ರಭೇದ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬ್ಲೂ ಎಂಬ ತಳಿಗಾರ ಇದನ್ನು ಸಂಕರಗೊಳಿಸುತ್ತ ಬಂದು, 1867ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ತನ್ನ ಗಿಡಗಳನ್ನು ಜನರೆದುರು ಇಟ್ಟ. ಬಿಳಿ ಎಲೆಯ ಮೇಲೆ ಹಸಿರು ನರಗಳಿರುವ ಅವನ ‘ಕ್ಯಾಂಡಿಡಂ’ ತಳಿ ಇಂದಿಗೂ ನರ್ಸರಿಗಳಲ್ಲಿ ಸಿಗುತ್ತದೆ. ಅಮೆರಿಕದ ಸಾಮಾನ್ಯ ಜನರಿಗೆ ಈ ಗಿಡದ ಪರಿಚಯ ಮಾಡಿಕೊಟ್ಟದ್ದು 1893ರ ಶಿಕಾಗೋ ವಿಶ್ವಮೇಳ. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ ಎಂಬುದನ್ನು ಇಲ್ಲಿ ನೆನೆಯಬಹುದು. ಮುಂದೆ ಫ್ಲಾರಿಡಾದ ಲೇಕ್ ಪ್ಲಾಸಿಡ್ ಎಂಬ ಸಣ್ಣ ಊರು ಈ ಗೆಡ್ಡೆಗಳ ಬೇಸಾಯಕ್ಕೆ ಹೆಸರಾಯಿತು. ಜಗತ್ತಿನ ಮಾರುಕಟ್ಟೆಗೆ ಬರುವ ಗೆಡ್ಡೆಗಳಲ್ಲಿ ಬಹುಪಾಲು ಇಂದು ಅದರ ಸುತ್ತಲಿನ ಹೊಲಗಳಲ್ಲೇ ಬೆಳೆಯುತ್ತವೆ.

ಲೇಕ್ ಪ್ಲಾಸಿಡ್‌ನ ಆ ಹೊಲಗಳ ಮಣ್ಣೂ ಕಪ್ಪು, ಹಿಪ್ಪರಗಿಯ ಎರಿ ಮಣ್ಣೂ ಕಪ್ಪು. ಆದರೆ ಎರಡರ ಗುಣ ತೀರ ಬೇರೆ. ಅಲ್ಲಿನ ಕಪ್ಪು ಜೌಗಿನಲ್ಲಿ ಕೊಳೆತ ಸಸ್ಯಾಂಶದ್ದು, ಹಗುರ, ಸಡಿಲ. ಇಲ್ಲಿನದು ಸೂಕ್ಷ್ಮ ಜೇಡಿ: ನೀರು ಬಿದ್ದಾಗ ಉಬ್ಬಿ ಅಂಟಾಗಿ ಗಾಳಿಯ ದಾರಿ ಮುಚ್ಚುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಕ್ಯಾಲಾಡಿಯಂ ಬಯಸುವುದು ತುಸು ಹುಳಿ ಮಣ್ಣನ್ನು, ಅಂದರೆ ರಸಸಾರ, ಹುಳಿ-ಕ್ಷಾರಗಳ ಅಳತೆ, 5.5ರಿಂದ 6.5ರೊಳಗೆ ಇರುವಂಥದ್ದನ್ನು, ಎರಿಯ ರಸಸಾರವಾದರೋ ಸಾಮಾನ್ಯವಾಗಿ 8ರ ಸುತ್ತ ಇರುತ್ತದೆ. ಮುಧೋಳ, ಲೋಕಾಪುರದ ಕಡೆ ಭೂಮಿಯಡಿ ಸುಣ್ಣಕಲ್ಲಿನ ಪದರಗಳಿರುವುದರಿಂದ ಆ ಭಾಗದ ಕೊಳವೆಬಾವಿಯ ನೀರು ಗಡಸಾಗುತ್ತದೆ. ನದಿದಂಡೆಯ ಕಬ್ಬಿನ ನೆಲದಲ್ಲಿ ಅತಿಯಾಗಿ ನೀರು ಹಾಯಿಸಿ ಸವುಳು ಎದ್ದಿರುವುದನ್ನು ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಇಂಥ ಕ್ಷಾರದಲ್ಲಿ ಕಬ್ಬಿಣದಂಶ ಕರಗದೆ ಉಳಿದು, ಗಿಡದ ಹೊಸ ಎಲೆಗಳು ನರಗಳ ನಡುವೆ ಹಳದಿಯಾಗತೊಡಗುತ್ತವೆ. ಅದನ್ನು ಗೊಬ್ಬರದ ಕೊರತೆಯೆಂದು ಭಾವಿಸಿ ಯೂರಿಯಾ ಹಾಕುವುದು ರೋಗ ಒಂದು, ಮದ್ದು ಇನ್ನೊಂದು ಎಂಬಂತಾಗುತ್ತದೆ.

ಆದ್ದರಿಂದ ಈ ಸೀಮೆಯಲ್ಲಿ ಕ್ಯಾಲಾಡಿಯಂಗೆ ಕುಂಡವೇ ಸರಿ. ಬೆಂಗಳೂರಿನ ಅನುಭವದಿಂದ ಬರೆದ ಕೈಪಿಡಿಗಳು ಒಂದು ಪಾಲು ತೋಟದ ಮಣ್ಣು ಬೆರೆಸಿರೆಂದು ಹೇಳುವಾಗ ಅವುಗಳ ಮನಸ್ಸಿನಲ್ಲಿರುವುದು ಕೆಂಪು ಮಣ್ಣು. ಹಿಪ್ಪರಗಿಯ ಹಿತ್ತಲಿನಿಂದ ಎರಿಯನ್ನು ತೆಗೆದು ಬೆರೆಸಿದರೆ ಆ ಸೂಚನೆಯೇ ಗಿಡಕ್ಕೆ ಮುಳುವಾಗುತ್ತದೆ. ತೊಳೆದು ಉಪ್ಪು ಕಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು ಸೇರಿಸಿ, ಬೇಕೆನಿಸಿದರೆ ಸ್ವಲ್ಪ ಮಸಾರಿ, ಅಂದರೆ ಕೆಂಪು ಮಣ್ಣು, ಬೆರೆಸಿದರೆ ಸಾಕು. ಹೊಲದಲ್ಲಿ ಸುಟ್ಟುಹಾಕುವ ಕಬ್ಬಿನ ರವದಿಯನ್ನು ಕೊಳೆಸಿ ಈ ಮಿಶ್ರಣಕ್ಕೆ ಸೇರಿಸಬಹುದು. ಒಲೆಯ ಬೂದಿಯನ್ನು ಮಾತ್ರ, ಅದು ಕ್ಷಾರವನ್ನು ಹೆಚ್ಚಿಸುವುದರಿಂದ, ಹತ್ತಿರ ತರಬಾರದು.

ಗೆಡ್ಡೆಯನ್ನು ಮೊಳಕೆಯ ಗುಬುಟುಗಳು ಮೇಲಾಗಿರುವಂತೆ ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಇಡಬೇಕು. ಬೇರುಗಳು ಗೆಡ್ಡೆಯ ಮೇಲ್ಭಾಗದಿಂದಲೇ ಹೊರಡುವುದರಿಂದ ಅದರ ಮೇಲೆ ಇಷ್ಟು ಮಣ್ಣು ಅಗತ್ಯ. ನಡುವಿನ ದೊಡ್ಡ ಮೊಳಕೆಯನ್ನು ಚಾಕುವಿನ ತುದಿಯಿಂದ ಚಿವುಟಿ ತೆಗೆಯುವ ಪದ್ಧತಿಯೊಂದಿದೆ. ಅದರಿಂದ ಸುತ್ತಲಿನ ಸಣ್ಣ ಮೊಳಕೆಗಳು ಒಟ್ಟಿಗೆ ಎದ್ದು, ಎಲೆಗಳು ಗಾತ್ರದಲ್ಲಿ ಕಿರಿದಾದರೂ ಸಂಖ್ಯೆಯಲ್ಲಿ ಹೆಚ್ಚಿ ಕುಂಡ ತುಂಬುತ್ತದೆ. ರೋಹಿಣಿ ಮಳೆ ಬಿದ್ದು ಗಾಳಿಯ ಕಾವು ಇಳಿದ ಮೇಲೆ ನಾಟಿ ಮಾಡುವುದು ಸುರಕ್ಷಿತ. ಏಪ್ರಿಲ್‌ನಲ್ಲೇ ಆರಂಭಿಸುವವರು ಒಣಗಾಳಿ ಎಲೆಯಂಚನ್ನು ಸುಡುತ್ತದೆಂಬುದನ್ನು ಮರೆಯುವಂತಿಲ್ಲ.

ಪೂರ್ವಕ್ಕೆ ತೆರೆದ ಪಡಸಾಲೆಯಲ್ಲಿ ಬೆಳಗಿನ ಎಳೆಬಿಸಿಲು ಬಿದ್ದು ಆಮೇಲೆ ನೆರಳಾಗುವ ಜಾಗ ಈ ಗಿಡಕ್ಕೆ ಬಹಳ ಒಪ್ಪುತ್ತದೆ. ಬೇವಿನ ಅಥವಾ ಮಾವಿನ ಮರದ ಜರಡಿ ನೆರಳೂ ಆದೀತು. ಬಿಳಿ ಎಲೆಯ ತಳಿಗಳು ಬೇಗ ಕಮರುತ್ತವೆ, ಉದ್ದನೆಯ ಭರ್ಜಿಯಾಕಾರದ ಎಲೆಯವು ಬಿಸಿಲನ್ನು ತುಸು ಹೆಚ್ಚು ತಾಳುತ್ತವೆ. ಪೂರ್ಣ ಕತ್ತಲಿನ ಕೋಣೆಯಲ್ಲಿಟ್ಟರೆ ತೊಟ್ಟು ಉದ್ದವಾಗಿ ಬಾಗಿ ಬಣ್ಣ ಮಾಸುತ್ತದೆ. ಸಾರಜನಕ ಹೆಚ್ಚಾದಾಗಲೂ ಕೆಂಪು, ಗುಲಾಬಿ ಮರೆಯಾಗಿ ಹಸಿರು ಮೇಲುಗೈ ಪಡೆಯುವುದರಿಂದ, ಬಣ್ಣಕ್ಕಾಗಿಯೇ ಬೆಳೆಸುವ ಗಿಡಕ್ಕೆ ಗೊಬ್ಬರದ ಅತ್ಯುತ್ಸಾಹ ತಕ್ಕದ್ದಲ್ಲ. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟು ಉಣಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಮಣ್ಣಿನ ಮೇಲೆ ಬಿಳಿ ಪೊರೆ ಕಾಣಿಸಿಕೊಂಡರೆ ಅದು ಗಡಸು ನೀರಿನ ಉಪ್ಪು. ಮೇಲಿನ ಪದರ ಕೆರೆದು ತೆಗೆದು, ತಳದ ರಂಧ್ರದಿಂದ ಹೊರಬರುವಷ್ಟು ಮೆದು ನೀರು ಹಾಯಿಸಬೇಕು.

ದೀಪಾವಳಿ ಕಳೆದು ರಾತ್ರಿಗಳು ತಣ್ಣಗಾಗತೊಡಗಿದಾಗ ಎಲೆಗಳು ಒಂದೊಂದಾಗಿ ಹಳದಿಗಟ್ಟಿ ಒರಗುತ್ತವೆ. ಬಹಳಷ್ಟು ಗಿಡಗಳು ಸಾಯುವುದು ಈ ಹಂತದಲ್ಲೇ, ಅದೂ ಆರೈಕೆಯ ಕೊರತೆಯಿಂದಲ್ಲ, ಅತಿ ಆರೈಕೆಯಿಂದ: ಬಾಡಿತೆಂದು ಕನಿಕರಪಟ್ಟು ನೀರು ಹೆಚ್ಚಿಸಿದಾಗ ನಿದ್ದೆಗೆ ಜಾರುತ್ತಿರುವ ಗೆಡ್ಡೆ ಒಳಗೇ ಕೊಳೆಯುತ್ತದೆ. ಅರಿಸಿಣದ ಎಲೆ ಒಣಗಿದಾಗ ನೀರು ನಿಲ್ಲಿಸುವ ರೈತ ಅಂಗಳದ ಕುಂಡದ ಎದುರು ಆ ತಿಳಿವಳಿಕೆಯನ್ನು ಮರೆಯುವುದು ವಿಚಿತ್ರವಾದರೂ ನಿಜ. ನೀರನ್ನು ಕ್ರಮೇಣ ಕಡಿಮೆ ಮಾಡಿ, ಎಲೆಗಳು ತಾವಾಗಿ ಒಣಗಿದ ಮೇಲೆ ಗೆಡ್ಡೆಗಳನ್ನು ಕಿತ್ತು, ನೆರಳಲ್ಲಿ ವಾರವೊಂದು ಆರಿಸಿ, ಒಣ ನಾರಿನ ಪುಡಿ ಅಥವಾ ಮರಳಿನಲ್ಲಿ ಹುಗಿದು ಗಾಳಿಯಾಡುವ ಮೂಲೆಯಲ್ಲಿಡಬೇಕು. ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿದರೆ ಗೆಡ್ಡೆಗೆ ಪೆಟ್ಟು ಬೀಳುವುದರಿಂದ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅದರ ಜಾಗ ಮನೆಯ ಒಳಗೆ, ಫ್ರಿಜ್ಜಿನಲ್ಲಂತೂ ಇಡಲೇಬಾರದು. ಗೆಡ್ಡೆ ಹೆಚ್ಚಿಸಿಕೊಳ್ಳಬೇಕೆಂದರೆ ಮರುನಾಟಿಯ ಹೊತ್ತಿಗೆ, ಪ್ರತಿ ತುಂಡಿನಲ್ಲೂ ಒಂದಾದರೂ ಮೊಳಕೆ ಇರುವಂತೆ ಕತ್ತರಿಸಿ, ಗಾಯವನ್ನು ಎರಡು ದಿನ ಒಣಗಿಸಿ ಊರಬಹುದು.

ಒಣಹವೆಯಲ್ಲಿ ಎಲೆಯಡಿ ಕೆಂಪು ನುಸಿ, ತೊಟ್ಟಿನ ಸಂದಿಯಲ್ಲಿ ಹಿಟ್ಟು ತಿಗಣೆ ಸೇರಿಕೊಳ್ಳುವುದುಂಟು. ಆಗಾಗ ಎಲೆಯ ಹಿಂಬದಿಗೆ ನೀರು ಚಿಮುಕಿಸಿ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಿದರೆ ಅವು ಹತೋಟಿಗೆ ಬರುತ್ತವೆ. ಅದಕ್ಕಿಂತ ಗಂಭೀರವಾದ ಸಂಗತಿ ಗಿಡದ ವಿಷ. ಇಡೀ ಗಿಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿದ್ದು, ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಕೆಸುವಿನಲ್ಲೂ ಇಂಥ ಹರಳುಗಳಿದ್ದು, ಹುಣಸೆ ಹಾಕಿ ಚೆನ್ನಾಗಿ ಬೇಯಿಸಿ ಅದನ್ನು ಉಣ್ಣುವ ರೂಢಿ ಮಲೆನಾಡು, ಕರಾವಳಿಗಳಲ್ಲಿ ಇದೆಯೆಂದು ಎಲೆಯ ಹೋಲಿಕೆ ನೋಡಿ ಇದನ್ನೂ ಅಡುಗೆಗೆ ಬಳಸುವುದು ಅಪಾಯ. ಕುಂಡಗಳನ್ನು ತೆವಳುವ ಮಕ್ಕಳ ಕೈಗೂ ಅಂಗಳಕ್ಕೆ ಬರುವ ಆಡುಕರುಗಳ ಬಾಯಿಗೂ ಎಟುಕದಷ್ಟು ಎತ್ತರದಲ್ಲಿಡಿ, ಗೆಡ್ಡೆ ಕತ್ತರಿಸಿದ ಕೈಯನ್ನು ಕಣ್ಣಿಗೆ ತಾಗಿಸುವ ಮೊದಲು ಸಾಬೂನಿನಿಂದ ತೊಳೆಯಿರಿ.