ಎಂಜಿನ್ ಗರಗಸದ ಒಂದು ಮಾದರಿ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಬ್ಬಿನ ಬಯಲಿನಲ್ಲಿ ಬೆಳೆದವರಿಗೆ ಯಂತ್ರವೆಂದೊಡನೆ ನೆನಪಾಗುವುದು ಆಲೆಮನೆ. ಒಂದು ಕಾಲದಲ್ಲಿ ಅಲ್ಲಿ ಎತ್ತುಗಳು ಗಾಣದ ಸುತ್ತ ತಿರುಗುತ್ತಿದ್ದವು. ಅನಂತರ ಡೀಸೆಲ್ ಎಂಜಿನ್ ಬಂದಿತು. ಅದಾದ ಮೇಲೆ ವಿದ್ಯುತ್ ಮೋಟಾರು ಬಂದಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಉತ್ಪತ್ತಿಯಾಯಿತಾದರೂ ಅದು ಮೊದಲು ಹರಿದುದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಸುತ್ತಲಿನ ಹಳ್ಳಿಗಳ ಹೊಲಗದ್ದೆಗಳಿಗೆ ಅದು ಬಂದುದು ಬಹುಕಾಲದ ಮೇಲೆ. ನಡುವಣ ಆ ಕೊರತೆಯನ್ನು ತುಂಬಿದ ಯಂತ್ರವೇ ಎಣ್ಣೆಯ ಎಂಜಿನ್. ಅದಕ್ಕೆ ಇಂಥದೇ ಕೆಲಸವೆಂಬ ನಿಯಮವಿರಲಿಲ್ಲ. ಬೆಲ್ಟನ್ನು ಪಂಪಿಗೆ ಹಾಕಿದರೆ ನೀರೆತ್ತುತ್ತಿತ್ತು. ಗಾಣಕ್ಕೆ ಹಾಕಿದರೆ ಕಬ್ಬು ಅರೆಯುತ್ತಿತ್ತು. ಗರಗಸಕ್ಕೆ ಹಾಕಿದರೆ ಮರವನ್ನು ಕೊಯ್ಯಬಲ್ಲದಾಗಿತ್ತು. ಈ ಕೊನೆಯ ಕೆಲಸದ ಒಂದು ಮಾದರಿಯನ್ನು ಮನೆಯ ಜಗಲಿಯಲ್ಲಿ ಕುಳಿತು ನೀವೇ ಮಾಡಬಹುದು.

ಯಂತ್ರಕ್ಕೆ ಮೊದಲು ಮನುಷ್ಯನನ್ನು ನೋಡೋಣ. ಹಿಂದೆ ದಿಮ್ಮಿಗಳನ್ನು ಹಲಗೆಗಳಾಗಿ ಸೀಳಲು ಇಬ್ಬರು ಬೇಕಾಗಿತ್ತು. ದಿಮ್ಮಿಯನ್ನು ಗುಂಡಿಯ ಮೇಲೋ ಎತ್ತರದ ಕವೆಗಳ ಮೇಲೋ ಮಲಗಿಸಿ, ಒಬ್ಬನು ಅದರ ಮೇಲೆ, ಇನ್ನೊಬ್ಬನು ಕೆಳಗೆ ನಿಂತು ಉದ್ದನೆಯ ಗರಗಸವನ್ನು ಆಡಿಸುತ್ತಿದ್ದರು. ಕೆಳಗಿನವನ ಕಣ್ಣು ಮೂಗುಗಳಿಗೆ ಮರದ ಹೊಟ್ಟು ದಿನವಿಡೀ ಸುರಿಯುತ್ತಿತ್ತು. ಇಬ್ಬರ ಉಸಿರೂ ಒಂದಾಗದಿದ್ದರೆ ಗರಗಸ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಅಡ್ಡಲಾಗಿ ಬಿದ್ದ ಮರವನ್ನು ಎದುರುಬದುರಾಗಿ ನಿಂತು ತುಂಡರಿಸುವವರನ್ನು ಗಮನಿಸಿರಿ. ಅವರಲ್ಲಿ ಯಾರೂ ಗರಗಸವನ್ನು ಬಲವಾಗಿ ತಳ್ಳುವುದಿಲ್ಲ. ಪ್ರತಿಯೊಬ್ಬನೂ ತನ್ನ ಸರದಿ ಬಂದಾಗ ಎಳೆಯುತ್ತಾನೆ. ತೆಳುವಾದ ಉಕ್ಕಿನ ಪಟ್ಟಿ ತಳ್ಳಿದರೆ ಬಾಗುತ್ತದೆ, ಎಳೆದರೆ ನೆಟ್ಟಗಾಗುತ್ತದೆ. ಶಾಸ್ತ್ರ ಓದದ ಕೂಲಿಕಾರನ ಕೈಗೆ ತಿಳಿದಿದ್ದ ಈ ಸಂಗತಿ ನಮಗೆ ಮುಂದೆ ಬೇಕಾಗುತ್ತದೆ.

ಇಂದಿನ ಸಾಮಿಲ್ಲುಗಳಲ್ಲಿ ದುಂಡು ಗರಗಸವೋ ಪಟ್ಟಿ ಗರಗಸವೋ ಇರುತ್ತದೆ. ಅವು ಒಂದೇ ದಿಕ್ಕಿನಲ್ಲಿ ಅತಿ ವೇಗವಾಗಿ ಓಡುವುದರಿಂದ ಮನೆಯ ಮಾದರಿಗೆ ತಕ್ಕವಲ್ಲ. ಬೆರಳು ಹೋದರೆ ಮತ್ತೆ ಬೆಳೆಯುವುದಿಲ್ಲ. ನಾವು ಆರಿಸಿಕೊಳ್ಳತಕ್ಕದ್ದು ಹಿಂದಕ್ಕೂ ಮುಂದಕ್ಕೂ ಆಡುವ ಗರಗಸ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾಡುಗಳಲ್ಲಿ ಪೆಟ್ರೋಲ್ ಎಂಜಿನ್ ಜೋಡಿಸಿದ ಇಂಥ ಗರಗಸಗಳು ದೊಡ್ಡ ದಿಮ್ಮಿಗಳನ್ನು ತುಂಡರಿಸುತ್ತಿದ್ದವು. ಅವುಗಳ ವೇಗ ಕಡಿಮೆ. ಪ್ರತಿಯೊಂದು ಅಂಗದ ಚಲನೆಯೂ ಕಣ್ಣಿಗೆ ಕಾಣುತ್ತಿತ್ತು. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಇದರ ಜೀವಾಳ ಕ್ರ್ಯಾಂಕು. ಚಕ್ರವೊಂದರ ನಡುವಿನಿಂದ ಸ್ವಲ್ಪ ದೂರದಲ್ಲಿ ಮೊಳೆಯೊಂದನ್ನು ನೆಟ್ಟು, ಆ ಮೊಳೆಗೆ ಒಂದು ದಂಡವನ್ನು ಸಿಕ್ಕಿಸಿದರೆ, ಚಕ್ರ ತಿರುಗಿದಂತೆ ದಂಡದ ಇನ್ನೊಂದು ತುದಿ ಹಿಂದೆಮುಂದೆ ಆಡುತ್ತದೆ. ಈ ಉಪಾಯ ಬಹಳ ಹಳೆಯದು. ಈಗಿನ ತುರ್ಕಿಯ ಹಿಯರಾಪೊಲಿಸ್ ಎಂಬಲ್ಲಿ ದೊರೆತ, ಕ್ರಿಸ್ತಶಕ ಮೂರನೆಯ ಶತಮಾನದ ಕಲ್ಲಿನ ಶವಪೆಟ್ಟಿಗೆಯೊಂದರ ಮೇಲೆ ನೀರಿನ ಚಕ್ರದಿಂದ ಕಲ್ಲು ಕೊಯ್ಯುವ ಗರಗಸಗಳ ಚಿತ್ರವನ್ನು ಕೆತ್ತಲಾಗಿದೆ. ಹೀಗಿದ್ದರೂ ಇಂಗ್ಲೆಂಡಿನ ಜೇಮ್ಸ್ ಪಿಕಾರ್ಡ್ ಎಂಬಾತ 1780ರಲ್ಲಿ ಉಗಿಯಂತ್ರಕ್ಕೆ ಕ್ರ್ಯಾಂಕನ್ನು ಜೋಡಿಸುವುದಕ್ಕೆ ಪೇಟೆಂಟ್ ಪಡೆದನು. ಆಗ ಜೇಮ್ಸ್ ವಾಟನು ಬೇರೆ ದಾರಿ ಹುಡುಕಿ, ಸೂರ್ಯನ ಸುತ್ತ ಗ್ರಹವೊಂದು ಸುತ್ತುವಂತೆ ಹಲ್ಲುಚಕ್ರಗಳನ್ನು ಹೊಂದಿಸಬೇಕಾಯಿತು!

ಎಂಜಿನ್ ಮತ್ತು ಗರಗಸ ಎರಡನ್ನೂ ಒಟ್ಟಿಗೆ ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಎಂಜಿನ್ನಿನಲ್ಲಿ ಪಿಸ್ಟನ್ ಹಿಂದೆಮುಂದೆ ಆಡಿ ಚಕ್ರವನ್ನು ತಿರುಗಿಸುತ್ತದೆ. ಗರಗಸದಲ್ಲಿ ಚಕ್ರ ತಿರುಗಿ ಅಲಗನ್ನು ಹಿಂದೆಮುಂದೆ ಆಡಿಸುತ್ತದೆ. ಗರಗಸವೆಂದರೆ ತಲೆಕೆಳಗಾದ ಎಂಜಿನ್! ಹಾಗಾದರೆ ಪಿಸ್ಟನ್ನಿಗೇ ಗರಗಸವನ್ನು ಕಟ್ಟಬಾರದೇಕೆ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ರಾನ್ಸಮ್ ಕಂಪನಿಯವರು ಮರ ಉರುಳಿಸುವ ತಮ್ಮ ಉಗಿಯಂತ್ರದಲ್ಲಿ ಹಾಗೆಯೇ ಮಾಡಿದರು. ಉಗಿಯು ಪಿಸ್ಟನ್ನಿನ ಎರಡು ಕಡೆಯಿಂದಲೂ ಒತ್ತಬಲ್ಲುದಾದ್ದರಿಂದ ಅದು ಸಾಧ್ಯವಾಯಿತು. ನಾಲ್ಕು ಹೊಡೆತದ ಎಣ್ಣೆಯ ಎಂಜಿನ್ನಿನಲ್ಲಿ ಚಕ್ರವು ಎರಡು ಸುತ್ತು ಬರುವಷ್ಟರಲ್ಲಿ ಒಮ್ಮೆ ಮಾತ್ರ ತಳ್ಳುವ ಬಲ ಹುಟ್ಟುತ್ತದೆ. ಉಳಿದ ವೇಳೆಯೆಲ್ಲ ಅದನ್ನು ನಡೆಸುವುದು ಭಾರವಾದ ಫ್ಲೈವೀಲು. ಕ್ರ್ಯಾಂಕು ಮತ್ತು ದಂಡ ಒಂದೇ ಸಾಲಿನಲ್ಲಿ ಬಂದು ಸೇರುವ ಎರಡು ನಿಷ್ಕ್ರಿಯ ಬಿಂದುಗಳನ್ನು ದಾಟಿಸುವುದೂ ಅದೇ. ಹಳೆಯ ಕಾಲದ ಎಂಜಿನ್ನುಗಳಿಗೆ ಅಷ್ಟು ದೊಡ್ಡ ಗಾಲಿಗಳಿದ್ದುದು ಅಂದಕ್ಕಾಗಿ ಅಲ್ಲ.

ಈಗ ಮಾದರಿಯ ಅಳತೆ. ಆರು ಅಡಿ ಉದ್ದದ ನಿಜವಾದ ಅಲಗಿಗೆ ಬದಲಾಗಿ ಒಂದು ಅಡಿಯ ಹ್ಯಾಕ್‌ಸಾ ಬ್ಲೇಡನ್ನು ಬಳಸಿದರೆ ಮಾದರಿಯು ಆರರಲ್ಲಿ ಒಂದು ಪಾಲಾಗುತ್ತದೆ. ಎಲ್ಲವನ್ನೂ ಆರರಿಂದ ಭಾಗಿಸಿದರೆ ಕೆಲಸ ಮುಗಿಯಿತೆಂದು ತಿಳಿಯುವವರುಂಟು. ಪ್ರಕೃತಿ ಇಂಥ ಸುಲಭದ ಲೆಕ್ಕಕ್ಕೆ ಒಪ್ಪುವುದಿಲ್ಲ. ಉದ್ದವು ಆರರಲ್ಲಿ ಒಂದಾದಾಗ ಮೇಲ್ಮೈ 36ರಲ್ಲಿ ಒಂದು, ತೂಕ 216ರಲ್ಲಿ ಒಂದು ಪಾಲಾಗುತ್ತದೆ. ಫ್ಲೈವೀಲಿನಲ್ಲಿ ಅಡಗುವ ಚಲನಶಕ್ತಿಯಾದರೋ, ಸುತ್ತುವ ವೇಗ ಅಷ್ಟೇ ಇದ್ದರೆ, 7776ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೂಕದ ಜೊತೆಗೆ ಅಂಚಿನ ದೂರವೂ ಕುಗ್ಗುವುದೇ ಇದಕ್ಕೆ ಕಾರಣ. ಪುಟ್ಟ ಎಂಜಿನ್ನಿನ ಸಿಲಿಂಡರಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಗೋಡೆಯೇ ಹೆಚ್ಚು. ಹುಟ್ಟಿದ ಶಾಖವೆಲ್ಲ ಬೇಗನೆ ಹೊರಗೆ ಹೋಗುತ್ತದೆ. ಮರದ ನಾರಂತೂ ನಮ್ಮ ಮಾದರಿಗಾಗಿ ಚಿಕ್ಕದಾಗುವುದಿಲ್ಲ. ಆದುದರಿಂದ ಉರಿಯುವ ಎಂಜಿನ್ನನ್ನೇ ಕಿರಿದಾಗಿ ಕಡೆದು ಮಾಡುವುದು ಲೇತು ಮತ್ತು ವರ್ಷಗಳ ಪಳಗಿಕೆ ಉಳ್ಳವರ ಕೆಲಸ. ನಾವು ಎಂಜಿನ್ನಿನ ಸ್ಥಾನದಲ್ಲಿ 12 ವೋಲ್ಟಿನ ಚಿಕ್ಕ ಮೋಟಾರನ್ನು ಇರಿಸೋಣ. ಫ್ಲೈವೀಲಿನಿಂದ ಆಚೆಗೆ ಎಲ್ಲವೂ ನಿಜವಾದ ಯಂತ್ರದಂತೆಯೇ ಇದ್ದರೆ ಇದನ್ನು ಸೋಗು ಎನ್ನಲಾಗದು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಮಾತ್ರ ಇದಕ್ಕೆ ನೇರವಾಗಿ ಕೊಡಕೂಡದು.

80 ಸೆಂಟಿಮೀಟರು ಉದ್ದ, 20 ಸೆಂಟಿಮೀಟರು ಅಗಲದ ಹಲಗೆಯೊಂದು ತಳಪಾಯ. ರಾಟೆಗಳನ್ನು ಮೆದುವಾದ ಮರದಿಂದ ಮಾಡಿಕೊಳ್ಳಿರಿ. ಮದ್ದೂರಿಗೆ ಹತ್ತಿರದ ಚನ್ನಪಟ್ಟಣದಲ್ಲಿ ಬೊಂಬೆಗಳನ್ನು ಕಡೆಯುವ ಆಲೆಮರದ ತುಂಡು ಸಿಕ್ಕಿದರೆ ಬಹಳ ಒಳ್ಳೆಯದು. ಮೋಟಾರು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಅದರ 1 ಸೆಂಟಿಮೀಟರಿನ ರಾಟೆಯಿಂದ 7 ಸೆಂಟಿಮೀಟರಿನ ರಾಟೆಗೆ ಬೆಲ್ಟು ಹಾಕಿದರೆ ನಡುವಣ ಅಚ್ಚು ಸುಮಾರು 430 ಸುತ್ತು ಬರುತ್ತದೆ. ಅಲ್ಲಿಂದ ಅದೇ ರೀತಿ ಇನ್ನೊಮ್ಮೆ ಇಳಿಸಿದರೆ ಕ್ರ್ಯಾಂಕಿಗೆ 61 ಸುತ್ತು ಉಳಿಯುತ್ತದೆ. ಫ್ಲೈವೀಲನ್ನು ಕ್ರ್ಯಾಂಕಿನ ಅಚ್ಚಿಗೆ ಹಾಕಬೇಡಿರಿ. ನಡುವಣ ಅಚ್ಚಿಗೆ ಹಾಕಿರಿ. ಅಲ್ಲಿ ವೇಗ ಏಳು ಪಾಲು ಹೆಚ್ಚು. ಅದೇ ಗಾಲಿ 49 ಪಾಲು ಶಕ್ತಿಯನ್ನು ಹಿಡಿದಿಡುತ್ತದೆ.

ಕ್ರ್ಯಾಂಕಿನ ಬಿಲ್ಲೆಯ ವ್ಯಾಸ 10 ಸೆಂಟಿಮೀಟರು. ನಡುವಿನಿಂದ 4 ಸೆಂಟಿಮೀಟರು ದೂರದಲ್ಲಿ ಮೊಳೆ ಇದ್ದರೆ ಅಲಗು 8 ಸೆಂಟಿಮೀಟರು ಆಡುತ್ತದೆ. ದಂಡದ ಉದ್ದ 24 ಸೆಂಟಿಮೀಟರು. ಅದರ ತುದಿಯನ್ನು ಮರದ ಜಾರುಗಟ್ಟಿಯೊಂದಕ್ಕೆ ಸಿಕ್ಕಿಸಿ, ಗಟ್ಟಿಯು ತೋಡು ತೆಗೆದ ತೋಳಿನಲ್ಲಿ ಸರಿಯುವಂತೆ ಮಾಡಬೇಕು. ತೋಳಿನ ಉದ್ದ 36 ಸೆಂಟಿಮೀಟರು ಸಾಕು. ಗರಗಸವು ಮರದೊಳಕ್ಕೆ ಇಳಿಯುತ್ತ ಹೋದಂತೆ ತೋಳೂ ಬಾಗಬೇಕಷ್ಟೆ. ಅದನ್ನು ಕ್ರ್ಯಾಂಕಿನ ಅಚ್ಚಿನ ಮೇಲೆಯೇ ತಿರುಗುವಂತೆ ಕೂರಿಸಿದರೆ, ತೋಳು ಎಷ್ಟು ಬಾಗಿದರೂ ಅಚ್ಚಿಗೂ ಜಾರುಗಟ್ಟಿಗೂ ಇರುವ ಹೊಂದಿಕೆ ಕೆಡುವುದಿಲ್ಲ. ಈ ಸಣ್ಣ ಜಾಣ್ಮೆಯಿಲ್ಲದೆ ಮಾಡಿದ ಮಾದರಿಗಳು ಅರ್ಧ ಕೊಯ್ತದಲ್ಲಿ ಸಿಕ್ಕಿಕೊಳ್ಳುತ್ತವೆ.

ಜಾರುಗಟ್ಟಿಯ ಮುಂಭಾಗಕ್ಕೆ ಬ್ಲೇಡನ್ನು ಬಿಗಿಯಿರಿ. ಹ್ಯಾಕ್‌ಸಾ ಚೌಕಟ್ಟಿನಲ್ಲಿ ಹಲ್ಲುಗಳ ಮುಖ ಮುಂದಕ್ಕಿರುತ್ತದೆ. ಚೌಕಟ್ಟು ಎರಡು ಕಡೆಯಿಂದಲೂ ಸೆಳೆದು ಹಿಡಿದಿರುವುದರಿಂದ ಅಲ್ಲಿ ತಳ್ಳಿದರೂ ಅದು ಬಾಗದು. ನಮ್ಮಲ್ಲಿ ಚೌಕಟ್ಟಿಲ್ಲ. ದಿಮ್ಮಿ ಕೊಯ್ಯುವವರ ಪಾಠವನ್ನು ಇಲ್ಲಿ ನೆನೆದು ಹಲ್ಲುಗಳ ಮುಖವನ್ನು ಕ್ರ್ಯಾಂಕಿನ ಕಡೆಗೆ ತಿರುಗಿಸಿರಿ.

ಇಷ್ಟಕ್ಕೆ ಬೇಕಾದ ಸಾಮಗ್ರಿ ದೊಡ್ಡದೇನೂ ಅಲ್ಲ: ಒಂದು ಬೈರಿಗೆ, ಒಂದು ಅರ, ಒಂದು ಉಳಿ, ಅಳತೆಪಟ್ಟಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿಯಿಂದ ಮೊದಲುಮಾಡಿ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಬಂದರು. ಎಣ್ಣೆಯ ಎಂಜಿನ್ನಿಗಾಗಿಯೇ ಒಂದು ಕಂಪನಿ ಆ ಮನೆತನದಿಂದ ಹುಟ್ಟಿದುದು 1946ರಲ್ಲಿ.

ಕೊಯ್ಯುವುದಕ್ಕೆ ನುಗ್ಗೆಯ ಒಣಕೊಂಬೆಯಂಥ ಮೆದುಮರವನ್ನು ತೆಗೆದುಕೊಳ್ಳಿರಿ. ಅದರ ದಪ್ಪ 3 ಅಥವಾ 4 ಸೆಂಟಿಮೀಟರು ಇರಲಿ. ಅಲಗಿನ ಆಟವು ಮರದ ದಪ್ಪಕ್ಕಿಂತ ಹೆಚ್ಚಿದ್ದರೆ ಮಾತ್ರ ಹಲ್ಲುಸಂದಿಯ ಹೊಟ್ಟು ಹೊರಗೆ ಬಂದು ಉದುರುತ್ತದೆ. ಇಲ್ಲದಿದ್ದರೆ ಒಳಗೇ ತುಂಬಿಕೊಂಡು ಅಲಗನ್ನು ಬಿಸಿಮಾಡುತ್ತದೆ. ಕೊಂಬೆಯನ್ನು ತಳಪಾಯಕ್ಕೆ ಅಲುಗದಂತೆ ಕಟ್ಟಿ, ದೊಡ್ಡವರೊಬ್ಬರು ಬಳಿಯಲ್ಲಿರುವಾಗಲೇ ಮೋಟಾರಿಗೆ ಸಂಪರ್ಕ ಕೊಡಿರಿ. ಬೆಲ್ಟುಗಳಿಗೆ ರಟ್ಟಿನ ಮುಚ್ಚಳವಿರಲಿ. ಅಲಗು ಮರದ ಮೇಲೆ ಸುಮ್ಮನೆ ಜಾರುತ್ತಿದ್ದರೆ ತೋಳಿನ ತುದಿಗೆ ಚಿಕ್ಕದೊಂದು ಮರಳಿನ ಚೀಲ ತೂಗುಹಾಕಿರಿ. ಮೋಟಾರು ಏದುಸಿರು ಬಿಟ್ಟು ನಿಲ್ಲುವಂತಾದರೆ ಮರಳನ್ನು ಕಡಿಮೆ ಮಾಡಿರಿ. ಕೊಂಬೆ ತುಂಡಾಗಲು ಎಷ್ಟು ಹೊಡೆತ ಬೇಕಾಯಿತೆಂದು ಎಣಿಸಿಕೊಂಡು, ಅದೇ ಕೊಂಬೆಯನ್ನು ಅದೇ ಬಗೆಯ ಬ್ಲೇಡಿನಿಂದ ಕೈಯಾರೆ ಒಮ್ಮೆ ಕೊಯ್ದು ಲೆಕ್ಕ ನೋಡಿರಿ.